ಮರದ ಮೇಲಿರುವುದೆಲ್ಲ ಬಂದಳಿಕೆಯಲ್ಲ: ಕಾಡು ಆರ್ಕಿಡ್ ಗುರುತಿಸುವ ಪಾಠ

ಏಳನೇ ತರಗತಿಯ ‘ಸಸ್ಯಗಳಲ್ಲಿ ಪೋಷಣೆ’ ಪಾಠದಲ್ಲಿ ಪರಾವಲಂಬಿ ಸಸ್ಯಕ್ಕೆ ಕೊಡುವ ಉದಾಹರಣೆ ಕಸ್ಕ್ಯುಟಾ. ಐವರ್ನಾಡಿನಲ್ಲಿ ಅಭ್ಯಾಸ ಬೋಧನೆ ಮಾಡುವಾಗ ಮಕ್ಕಳು ಈ ಪರಿಕಲ್ಪನೆಯನ್ನು ಬೇಗ ಕಲಿತರು. ಮರದ ಮೇಲೆ ಕಂಡ ಗಿಡಗಳಿಗೆಲ್ಲ ಅದನ್ನೇ ಅನ್ವಯಿಸಿದರು. ಹಲಸಿನ ಮರದಲ್ಲಿದ್ದ ಸೀತಾಳೆದಂಡೆಯನ್ನು ತೋರಿಸಿ ಒಬ್ಬ ಹುಡುಗ, “ಟೀಚರೇ, ಅದು ಬಂದಳಿಕೆ. ಮರದ ರಸ ಹೀರ್ತದೆ. ಅಜ್ಜ ಕತ್ತಿಯಲ್ಲಿ ಕೆರೆದು ತೆಗೀತಾರೆ” ಎಂದ. ತೋಟದ ಮಕ್ಕಳ ಮಾತನ್ನು ತಳ್ಳಿಹಾಕುವಂತಿಲ್ಲ. ಬಂದಳಿಕೆ ಹಿಡಿದ ಕೊಂಬೆ ಸೊರಗುವುದನ್ನು ಅವರು ಕಂಡಿದ್ದಾರೆ. ಆದರೆ ಎರಡೂ ಒಂದೇ ಎಂದುಕೊಂಡರೆ ಬಂದಳಿಕೆಯ ಜೊತೆಗೆ ಆರ್ಕಿಡ್ ಕೂಡ ಕತ್ತಿಗೆ ಬಲಿಯಾಗುತ್ತದೆ.

ಪುಸ್ತಕಗಳು ಆರ್ಕಿಡನ್ನು ಹೂವಿನಿಂದ ಪರಿಚಯಿಸುತ್ತವೆ. ವರ್ಷದ ಹೆಚ್ಚಿನ ತಿಂಗಳು ಹೂವೇ ಇರುವುದಿಲ್ಲವಾದ್ದರಿಂದ ನಾನು ಬೇರಿನಿಂದ ಆರಂಭಿಸಿದೆ. ಬಂದಳಿಕೆ ಕವಲೊಡೆದು ಬೆಳೆಯುವ ಗಟ್ಟಿ ಕಾಂಡದ ಗಿಡ. ಅದು ಕೊಂಬೆಗೆ ಸೇರುವ ಜಾಗ ಗಂಟಿನಂತೆ ಉಬ್ಬಿರುತ್ತದೆ. ಅದರ ಹೀರುಬೇರು ತೊಗಟೆ ದಾಟಿ ಒಳಗೆ ಇಳಿದಿರುತ್ತದೆ. ಆರ್ಕಿಡ್‌ನ ಬೇರು ತೊಗಟೆಯ ಮೇಲೆಯೇ ಹರಿದಿರುತ್ತದೆ, ಒಣಗಿದಾಗ ಬೂದು ಬಿಳುಪು. ಕೈಗೆಟಕುವ ಒಂದು ಬೇರಿನ ಮೇಲೆ ಮಕ್ಕಳಿಂದಲೇ ಬಾಟಲಿಯ ನೀರು ಹಾಕಿಸಿದೆ. ನೋಡುತ್ತಿದ್ದಂತೆ ಅದು ಹಸಿರಾಯಿತು. ವೆಲಮೆನ್ ಎಂಬ ಸ್ಪಂಜಿನಂಥ ಹೊರಪದರ ನೀರು ಕುಡಿದಾಗ ಒಳಗಿನ ಪತ್ರಹರಿತ್ತು ಕಾಣಿಸುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಹಸಿರು ಕಂಡಾಕ್ಷಣ ತೀರ್ಮಾನಕ್ಕೆ ಬರುವಂತಿಲ್ಲ, ಬಂದಳಿಕೆಯ ಎಲೆಯೂ ಹಸಿರೇ. ಅದು ಆಹಾರವನ್ನು ತಾನೇ ತಯಾರಿಸುತ್ತದೆ, ನೀರು ಮತ್ತು ಲವಣಗಳನ್ನು ಮರದಿಂದ ಪಡೆಯುತ್ತದೆ. ಹಾಗಾಗಿ ಮಕ್ಕಳು ಕೇಳಬೇಕಾದ ಪ್ರಶ್ನೆ ‘ಬೇರು ಒಳಗೆ ಹೋಗಿದೆಯೇ?’ ಎಂಬುದು.

ಹೂವಿಲ್ಲದಾಗ ಎಲೆ ನೆರವಾಗುತ್ತದೆ. ಸೀತಾಳೆದಂಡೆಯ (ರಿಂಕೋಸ್ಟೈಲಿಸ್ ರೆಟೂಸಾ) ದಪ್ಪ ಪಟ್ಟಿಯಂಥ ಎಲೆಗಳು ಎರಡು ಸಾಲಾಗಿ ಜೋಡಣೆಯಾಗಿದ್ದು, ತುದಿ ಕಚ್ಚಿ ತೆಗೆದಂತೆ ಇರುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ನರಿಬಾಲದಂಥ ಗೊಂಚಲು ಇಳಿಬಿದ್ದರೆ ಸಂದೇಹವೇ ಬೇಡ. ಅಸ್ಸಾಂನ ರಾಜ್ಯ ಪುಷ್ಪವೂ ಇದೇ ಎಂದಾಗ ತರಗತಿಗೆ ನಂಬಿಕೆ ಬರಲಿಲ್ಲ. ಸಿಂಬಿಡಿಯಮ್ ಅಲೋಯಿಫೋಲಿಯಮ್‌ನ ಎಲೆಗಳು ಲೋಳೆಸರದ ಹಾಗೆ ಬುಡದಿಂದಲೇ ಗುಂಪಾಗಿ ಎದ್ದಿರುತ್ತವೆ.

ಹೂವಿನ ರಚನೆಗೆ ನಮ್ಮ ತಾಲೂಕಿನಲ್ಲಿ ಸಿದ್ಧ ಉದಾಹರಣೆ ವೆನಿಲ್ಲಾ. 2003ರ ಸುಮಾರಿಗೆ ಬೆಲೆ ಏರಿದಾಗ ಇಲ್ಲಿನ ಅಡಿಕೆ ತೋಟಗಳಲ್ಲಿ ಅದನ್ನು ಬೆಳೆಸಿದವರು, ಬೆಳಗ್ಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿದವರು ಮಕ್ಕಳ ಮನೆಯಲ್ಲೇ ಇದ್ದಾರೆ. ಅದೂ ಆರ್ಕಿಡೇ. ಗೌರಿಹೂವಿನಲ್ಲಿ ಆರು ಕೇಸರಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು. ಆರ್ಕಿಡ್‌ನಲ್ಲಿ ಕೇಸರವೂ ಶಲಾಕೆಯೂ ಬೆಸೆದು ಒಂದೇ ಕಂಬವಾಗಿರುತ್ತವೆ, ಒಂದು ದಳ ತುಟಿಯಾಗಿ ಬೇರೆಯೇ ಆಕಾರ ತಳೆದಿರುತ್ತದೆ. ವೆನಿಲ್ಲಾದಲ್ಲಿ ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ತೆಳ್ಳಗಿನ ಪರದೆಯಿದೆ. ಕಡ್ಡಿ ಎತ್ತುವುದು ಅದನ್ನೇ. ಈ ಸುಲಭ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಕೊಂಡ ಎಡ್ಮಂಡ್ ಆಲ್ಬಿಯಸ್ ಹನ್ನೆರಡರ ಗುಲಾಮ ಬಾಲಕ. ಏಳನೇ ತರಗತಿಯವರು ಈ ವಯಸ್ಸನ್ನು ಮರೆಯುವುದಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಈ ಪಾಠಕ್ಕೆ ಮಾದರಿ ಕಿತ್ತು ತರಲು ಹೇಳಬೇಡಿ. ಆರ್ಕಿಡ್‌ನ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಆಹಾರದ ದಾಸ್ತಾನಿಲ್ಲ. ತಕ್ಕ ಶಿಲೀಂಧ್ರ ಸಿಕ್ಕಿದರಷ್ಟೇ ಮೊಳೆಯುತ್ತದೆ. ಮೂವತ್ತು ಮಕ್ಕಳು ಒಂದೊಂದು ಕಿತ್ತರೆ ಆ ದಾರಿಯಲ್ಲಿ ಮುಂದಿನ ತಂಡಕ್ಕೆ ತೋರಿಸಲು ಏನೂ ಉಳಿಯದು. ನನ್ನ ಪಾಠ ಯೋಜನೆಯಲ್ಲಿ ‘ಸಂಗ್ರಹ’ ಎಂಬಲ್ಲಿ ಬೇರು ಮತ್ತು ಎಲೆತುದಿಯ ಚಿತ್ರ, ಆಸರೆ ಮರದ ಹೆಸರು, ಹೂ ಕಂಡ ದಿನಾಂಕ ಎಂದಷ್ಟೇ ಬರೆದಿದ್ದೇನೆ.