ದರೋಡೆಕೋರರ ಪಾಲುದಾರಿಕೆ

ಲೆಕ್ಕಶಾಸ್ತ್ರದ ತರಗತಿಯಲ್ಲಿ ಪಾಲುದಾರಿಕೆಯ ಪಾಠ ನಡೆಯುತ್ತಿದ್ದ ದಿನಗಳಲ್ಲೇ ನಾನು ‘ಪ್ಲಂಕೆಟ್ ಅಂಡ್ ಮೆಕ್ಲೇನ್’ ಎಂಬ ಇಂಗ್ಲಿಷ್ ಸಿನಿಮಾ ನೋಡಿದೆ. 1999ರಲ್ಲಿ ಬಂದ ಚಿತ್ರ. ನಿರ್ದೇಶಕರು ಜೇಕ್ ಸ್ಕಾಟ್. ಪ್ಲಂಕೆಟ್ ಆಗಿ ರಾಬರ್ಟ್ ಕಾರ್ಲೈಲ್, ಮೆಕ್ಲೇನ್ ಆಗಿ ಜಾನಿ ಲೀ ಮಿಲ್ಲರ್ ನಟಿಸಿದ್ದಾರೆ. ಕುದುರೆ, ಸಾರೋಟು, ಪಿಸ್ತೂಲು, ನಗು ಎಲ್ಲವೂ ಇದೆ. ಎಲ್ಲಿಯೂ ಬೇಸರವಾಗುವುದಿಲ್ಲ. ಕೆಲವು ದೃಶ್ಯಗಳು ಮಾತ್ರ ಮನೆಯವರ ಜೊತೆ ಕೂತು ನೋಡುವಂಥವಲ್ಲ, ಅಲ್ಲಿ ನಾನು ಮುಂದಕ್ಕೆ ಓಡಿಸಿದೆ.

ಕಥೆ ನಡೆಯುವುದು 1748ರ ಲಂಡನ್ನಿನಲ್ಲಿ. ಪ್ಲಂಕೆಟ್ ಹಿಂದೆ ಔಷಧಿ ವ್ಯಾಪಾರಿ, ಈಗ ಕಳ್ಳ. ಅವನಿಗೆ ಕೆಲಸ ಗೊತ್ತು, ಆದರೆ ಶ್ರೀಮಂತರ ಮನೆಯೊಳಗೆ ಅವನನ್ನು ಯಾರೂ ಬಿಡುವುದಿಲ್ಲ. ಮೆಕ್ಲೇನ್‌ಗೆ ದೊಡ್ಡವರ ಮಾತು, ನಡೆ, ಉಡುಪು ಎಲ್ಲ ಗೊತ್ತು, ಆದರೆ ಜೇಬು ಖಾಲಿ. ಇಬ್ಬರೂ ಒಪ್ಪಂದ ಮಾಡಿಕೊಳ್ಳುತ್ತಾರೆ. ಮೆಕ್ಲೇನ್ ಔತಣಕೂಟಗಳಿಗೆ ಹೋಗಿ ಯಾರ ಬಳಿ ಏನಿದೆ ಎಂದು ತಿಳಿದು ಬರುವುದು, ಆಮೇಲೆ ಇಬ್ಬರೂ ಮುಖವಾಡ ಹಾಕಿ ಅವರ ಸಾರೋಟನ್ನು ತಡೆಯುವುದು. ಲಂಡನ್ನಿಗೆ ಈಗಿನಂಥ ಪೊಲೀಸ್ ಪಡೆ ಬಂದದ್ದು 1829ರಲ್ಲಿ. ಆ ಕಾಲದಲ್ಲಿ ಶ್ರೀಮಂತರು ನಾಣ್ಯ, ಗಡಿಯಾರ, ಉಂಗುರಗಳನ್ನು ಮೈಮೇಲೇ ಇಟ್ಟುಕೊಂಡು ಕತ್ತಲೆಯ ದಾರಿಯಲ್ಲಿ ಓಡಾಡುತ್ತಿದ್ದರು.

ನೋಡುತ್ತಾ ನೋಡುತ್ತಾ ನನಗೆ ಇದು ನಮ್ಮ ಪಾಠವೇ ಅನ್ನಿಸಿತು. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 4ನೇ ಸೆಕ್ಷನ್ ಪ್ರಕಾರ, ಎಲ್ಲರೂ ಸೇರಿ ಅಥವಾ ಎಲ್ಲರ ಪರವಾಗಿ ಒಬ್ಬರು ನಡೆಸುವ ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ನಡುವಿನ ಸಂಬಂಧವೇ ಪಾಲುದಾರಿಕೆ. ಒಬ್ಬನ ಬಂಡವಾಳ ಕೈಚಳಕ, ಇನ್ನೊಬ್ಬನ ಬಂಡವಾಳ ಮರ್ಯಾದಸ್ಥನ ಹೆಸರು. ಲಾಭ ಹಂಚಿಕೆಯೂ ಇದೆ. ಹಾಗಾದರೆ ಇದು ಪಾಲುದಾರಿಕೆಯೇ?

ಈ ಪ್ರಶ್ನೆ ಇಂಗ್ಲೆಂಡಿನಲ್ಲಿ ನಿಜವಾಗಿಯೂ ಕೋರ್ಟಿಗೆ ಹೋಗಿತ್ತು ಎಂದರೆ ನೀವು ನಂಬುವುದಿಲ್ಲ. 1725ರಲ್ಲಿ ಜಾನ್ ಎವರೆಟ್ ಎಂಬ ದಾರಿಗಳ್ಳ ತನ್ನ ಜೊತೆಗಾರ ಜೋಸೆಫ್ ವಿಲಿಯಮ್ಸ್ ಮೇಲೆ ದಾವೆ ಹೂಡಿದ. ಪಾಲು ಸರಿಯಾಗಿ ಕೊಟ್ಟಿಲ್ಲ, ಲೆಕ್ಕ ಒಪ್ಪಿಸಲಿ ಎಂಬುದು ಅವನ ದೂರು. ಅರ್ಜಿಯಲ್ಲಿ ದರೋಡೆ ಎಂಬ ಪದವೇ ಇರಲಿಲ್ಲ. ತಾವಿಬ್ಬರೂ ಗಡಿಯಾರ, ಉಂಗುರ, ಕುದುರೆ ಮುಂತಾದ ಸರಕಿನ ವ್ಯಾಪಾರಿಗಳು, ಹಲವು ಊರುಗಳಲ್ಲಿ ದೊಡ್ಡ ಮನುಷ್ಯರೊಂದಿಗೆ ವ್ಯವಹಾರ ಮಾಡಿದೆವು, ಸರಕು ಬಹಳ ಅಗ್ಗಕ್ಕೆ ಸಿಕ್ಕಿತು ಎಂಬಂತೆ ಬರೆಸಿದ್ದ. ಕೋರ್ಟಿಗೆ ವಿಷಯ ತಿಳಿಯಿತು. ದಾವೆ ವಜಾ ಆಯಿತು. ಅದನ್ನು ತಂದ ಇಬ್ಬರು ವಕೀಲರಿಗೆ ತಲಾ 50 ಪೌಂಡ್ ದಂಡ ಬಿತ್ತು. ವಿಲಿಯಮ್ಸ್‌ಗೆ 1727ರಲ್ಲಿ, ಎವರೆಟ್‌ಗೆ 1730ರಲ್ಲಿ ಗಲ್ಲು ಆಯಿತು.

ನಮ್ಮಲ್ಲಿಯೂ 1872ರ ಕರಾರು ಕಾಯಿದೆಯ 23ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಉದ್ದೇಶ ಕಾನೂನಿಗೆ ವಿರುದ್ಧವಾಗಿದ್ದರೆ ಕರಾರು ಅನೂರ್ಜಿತ. ಅಂದರೆ ಕಳ್ಳತನದ ಪಾಲುದಾರ ಮೋಸ ಮಾಡಿದರೆ ಹೋಗಿ ಕೇಳಲು ಕೋರ್ಟು ಇಲ್ಲ. ಆದರೆ ಶಿಕ್ಷೆ ಕೊಡಲು ಕೋರ್ಟು ಇದೆ.

ಪ್ಲಂಕೆಟ್, ಮೆಕ್ಲೇನ್ ಇಬ್ಬರೂ ನಿಜವಾಗಿ ಇದ್ದವರೇ. ಜೇಮ್ಸ್ ಮೆಕ್ಲೇನ್ ಐರ್ಲೆಂಡಿನ ಒಬ್ಬ ಪಾದ್ರಿಯ ಮಗ. ಲಂಡನ್ನಿನಲ್ಲಿ ದಿನಸಿ ಅಂಗಡಿ ಇಟ್ಟು ಸೋತ. 1749ರಲ್ಲಿ ಈ ಜೋಡಿ ಹೈಡ್ ಪಾರ್ಕಿನಲ್ಲಿ ಲೇಖಕ ಹೊರೇಸ್ ವಾಲ್ಪೋಲ್ ಅವರನ್ನು ದೋಚಿತು. ಪಿಸ್ತೂಲು ಕೈತಪ್ಪಿ ಸಿಡಿದು ಗುಂಡು ಅವರ ಮುಖವನ್ನು ಸವರಿಕೊಂಡು ಹೋಯಿತು. ಮುಂದಿನ ವರ್ಷ ಮೆಕ್ಲೇನ್ ಕದ್ದ ಬಟ್ಟೆಯ ಜರಿಯನ್ನು ಮಾರಲು ಹೋದಾಗ ಅದರ ಗುರುತು ಹತ್ತಿ ಸಿಕ್ಕಿಬಿದ್ದ. ಸಿನಿಮಾದಲ್ಲಿ ಗಲ್ಲಿನ ಹೊತ್ತಿಗೆ ಗೆಳೆಯ ಬಂದು ಅವನನ್ನು ಪಾರುಮಾಡುತ್ತಾನೆ. ನಿಜದಲ್ಲಿ ಯಾರೂ ಬರಲಿಲ್ಲ. 1750ರ ಅಕ್ಟೋಬರ್ 3ರಂದು ಟೈಬರ್ನ್‌ನಲ್ಲಿ ಮೆಕ್ಲೇನ್‌ನನ್ನು ಗಲ್ಲಿಗೇರಿಸಿದರು. ಪ್ಲಂಕೆಟ್ ಸಿಗಲೇ ಇಲ್ಲ. ಮರ್ಯಾದಸ್ಥನ ಮುಖ ಕೊಟ್ಟವನು ಸತ್ತ, ಇನ್ನೊಬ್ಬ ತಪ್ಪಿಸಿಕೊಂಡ.

ಇದನ್ನೆಲ್ಲ ಹುಡುಕಿ ಓದಲು ನನಗೊಂದು ಕಾರಣವಿತ್ತು. ಸಿನಿಮಾ ನೋಡುವ ಒಂದು ವಾರ ಮೊದಲು ನಮ್ಮ ಮೊಹಲ್ಲಾದ ಪರಿಚಯದವರೊಬ್ಬರು ನನ್ನನ್ನು ಕರೆದು, “ಬೇಟಾ, ನಿನ್ನ ಸ್ಕಾಲರ್‌ಶಿಪ್ ಅಕೌಂಟ್ ಸುಮ್ಮನೆ ಬಿದ್ದಿದೆಯಲ್ಲ? ಎಟಿಎಂ ಕಾರ್ಡು, ಸಿಮ್ಮು ನಮಗೆ ಕೊಡು. ತಿಂಗಳಿಗೆ ಐದು ಸಾವಿರ ಕೊಡುತ್ತೇನೆ. ನೀನೇನೂ ಮಾಡಬೇಕಾಗಿಲ್ಲ” ಎಂದರು. ಟ್ಯೂಷನ್ ಫೀಸು ಬಾಕಿ ಇತ್ತು. ಸುಳ್ಳು ಯಾಕೆ ಹೇಳಲಿ, ಎರಡು ದಿನ ಯೋಚಿಸಿದೆ. ಅಮ್ಮಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಕಿಸ್ಕಾ ಪೈಸಾ?” ಯಾರ ದುಡ್ಡು? ನನ್ನ ಬಳಿ ಉತ್ತರವಿರಲಿಲ್ಲ.

ಸಿನಿಮಾ ನೋಡಿದ ಮೇಲೆ ಅವರು ನನಗೆ ಕೊಡಲು ಬಂದದ್ದು ಮೆಕ್ಲೇನ್‌ನ ಪಾತ್ರ ಎಂದು ಗೊತ್ತಾಯಿತು. ಯಾರನ್ನೋ ಫೋನಿನಲ್ಲಿ ವಂಚಿಸಿದ ಹಣ ಇಂಥ ಅಕೌಂಟುಗಳ ಮೂಲಕವೇ ದಾಟುತ್ತದೆ. ಪೊಲೀಸರು ಬಂದಾಗ ಮೊದಲು ಸಿಗುವುದು ಅಕೌಂಟಿನ ಮೇಲಿರುವ ಹೆಸರು. ಅಕೌಂಟ್ ಸ್ಥಗಿತವಾಗುತ್ತದೆ, ಸ್ಕಾಲರ್‌ಶಿಪ್ ಹಣವೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರ್ಡು ಒಯ್ದವರು ಪ್ಲಂಕೆಟ್‌ನ ಹಾಗೆ ಎಲ್ಲೋ ಇರುತ್ತಾರೆ.

ನಾನು ಆಗುವುದಿಲ್ಲ ಎಂದೆ. ಈಗ ಅವರು ಎದುರು ಸಿಕ್ಕರೆ ಸಲಾಂ ಕೂಡ ತೆಗೆದುಕೊಳ್ಳುವುದಿಲ್ಲ. ಫೀಸನ್ನು ಅಬ್ಬಾ ಎರಡು ಕಂತಿನಲ್ಲಿ ಕಟ್ಟುತ್ತಿದ್ದಾರೆ. ನಮ್ಮ ಕಾಲೇಜಿನಲ್ಲಿ ಇಂಥ ಮಾತು ಕೇಳಿದವನು ನಾನೊಬ್ಬನೇ ಇರಲಾರೆ. ಯಾರಾದರೂ ಈಗಾಗಲೇ ಕಾರ್ಡು ಕೊಟ್ಟಿದ್ದರೆ ಹೆದರಿ ಸುಮ್ಮನಿರಬೇಡಿ. ಮನೆಯಲ್ಲಿ ಹೇಳಿ, ಬ್ಯಾಂಕಿಗೆ ಹೋಗಿ ಕಾರ್ಡು ನಿಲ್ಲಿಸಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾವು ವಾಣಿಜ್ಯ ವಿಭಾಗದವರು, ಪಾಲುದಾರಿಕೆ ಎಂದರೇನು ಎಂದು ನಮಗೆ ಗೊತ್ತಿರಬೇಕು.