ಲೇಪಾಕ್ಷಿಯಿಂದ ಹಂಪಿಗೆ: ಪುಟ್ಟ ಮಕ್ಕಳೊಂದಿಗೆ ನಾಲ್ಕು ದಿನದ ದಾರಿ



ರಜೆ ಹತ್ತಿರ ಬಂದಾಗ ನಮ್ಮ ಮನೆಗಳಲ್ಲಿ ಒಂದೇ ಮಾತು: ‘ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಬೇಕು, ಆದರೆ ಚಿಕ್ಕವರು, ಅಷ್ಟು ದೂರ ಆಗುತ್ತಾ?’ ಖಂಡಿತ ಆಗುತ್ತದೆ. ಆದರೆ ದೊಡ್ಡವರ ಲೆಕ್ಕದಲ್ಲಿ ಹೊರಟರೆ ಆಗುವುದಿಲ್ಲ. ದೊಡ್ಡವರು ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯುತ್ತೇವೆ. ಮಕ್ಕಳಿಗೆ ಹಸಿವು, ನಿದ್ದೆ, ಮೂತ್ರ, ಬೇಸರ ಇವೇ ಅಳತೆ. ಈ ಅಳತೆಗೆ ದಾರಿಯನ್ನು ಹೊಂದಿಸಿಕೊಳ್ಳುವುದು ಹೇಗೆ ಎಂದು ನಮ್ಮದೇ ಊರುಗಳ ನಡುವೆ ಹಾದುಹೋಗುವ ಒಂದು ದಾರಿಯನ್ನು ಇಟ್ಟುಕೊಂಡು ಇಲ್ಲಿ ವಿವರಿಸುತ್ತೇವೆ.

ಇನ್ನೊಂದು ಕಾರಣವೂ ಇದೆ. ನಮ್ಮ ಅನೇಕ ಮಕ್ಕಳು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಮನೆಯಲ್ಲಿ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅಜ್ಜ ಅಜ್ಜಿ, ಅಪ್ಪ ಅಮ್ಮ, ಮಕ್ಕಳು ಒಂದೇ ಗಾಡಿಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕೂತು ಮಾತಾಡುವ ಅವಕಾಶ ವರ್ಷದಲ್ಲಿ ಎಷ್ಟು ಸಲ ಸಿಗುತ್ತದೆ? ಆ ಗಂಟೆಗಳನ್ನು ಮೊಬೈಲಿಗೆ ಬಿಟ್ಟುಕೊಡಬಾರದು ಎಂಬುದು ನಮ್ಮ ಕೋರಿಕೆ.

ದಾರಿ ಯಾವುದು?

ಲೇಪಾಕ್ಷಿ, ಹಿಂದೂಪುರ, ಪಾವಗಡ, ಕಲ್ಯಾಣದುರ್ಗ, ರಾಯದುರ್ಗ, ಬಳ್ಳಾರಿ, ಹಂಪಿ. ಒಟ್ಟು ಸುಮಾರು 280 ಕಿ.ಮೀ. ಒಂದೇ ದಿನದಲ್ಲಿ ಓಡಿಸಬಹುದು. ಆದರೆ ಐದು ವರ್ಷದೊಳಗಿನ ಮಕ್ಕಳಿದ್ದರೆ ಹಾಗೆ ಮಾಡಬೇಡಿ. ಹೋಗಲು ಎರಡು ದಿನ, ಹಂಪಿಯಲ್ಲಿ ಒಂದು ದಿನ, ಬರಲು ಒಂದು ದಿನ ಇಟ್ಟುಕೊಳ್ಳಿ. ಕಲ್ಯಾಣದುರ್ಗ, ರಾಯದುರ್ಗದ ಸದಸ್ಯರು ಮೊದಲು ಲೇಪಾಕ್ಷಿಯನ್ನು ಒಂದು ಭಾನುವಾರ ನೋಡಿ ಬಂದು, ಹಂಪಿಯನ್ನು ಬೇರೆ ರಜೆಗೆ ಇಟ್ಟುಕೊಳ್ಳಬಹುದು.

ಈ ದಾರಿಯಲ್ಲಿ ರಾಜ್ಯದ ಗಡಿಯನ್ನು ಮೂರು ಸಲ ದಾಟುತ್ತೇವೆ. ಹಿಂದೂಪುರ ಆಂಧ್ರ, ಪಾವಗಡ ಕರ್ನಾಟಕ, ಕಲ್ಯಾಣದುರ್ಗ ಮತ್ತು ರಾಯದುರ್ಗ ಮತ್ತೆ ಆಂಧ್ರ, ಬಳ್ಳಾರಿ ಮತ್ತೆ ಕರ್ನಾಟಕ. ‘ಯಾಕೆ ಹೀಗೆ?’ ಎಂದು ಸ್ವಲ್ಪ ದೊಡ್ಡ ಮಕ್ಕಳು ಕೇಳಿಯೇ ಕೇಳುತ್ತಾರೆ. ಪಾವಗಡ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿತ್ತು, ಸುತ್ತಲಿನ ಊರುಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಗಾಡಿಯಲ್ಲಿ ಅಜ್ಜಿ ತಾತ ಇದ್ದರೆ ಈ ಭಾಗವನ್ನು ಅವರೇ ಹೇಳಲಿ. ಅವರ ಬಾಯಲ್ಲಿ ಕೇಳಿದ್ದು ಮಕ್ಕಳಿಗೆ ನೆನಪಿರುತ್ತದೆ.

ಹೊರಡುವ ಮೊದಲು: ಮಗು ಎಲ್ಲಿ ಕೂರಬೇಕು?

ಮೊದಲು ಇದನ್ನು ತೀರ್ಮಾನಿಸಿ, ತಿಂಡಿಯ ಡಬ್ಬಿ ಆಮೇಲೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವುದು ನಮ್ಮಲ್ಲಿ ರೂಢಿ. ಇದೇ ಅತ್ಯಂತ ಅಪಾಯದ ಜಾಗ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಢಿಕ್ಕಿಯಾಗಿ ಥಟ್ಟನೆ ನಿಂತರೆ 10 ಕೆ.ಜಿ. ಮಗು ನೂರಾರು ಕೆ.ಜಿ. ಭಾರದಂತೆ ಮುಂದಕ್ಕೆ ಎಸೆಯಲ್ಪಡುತ್ತದೆ. ಎಂಥ ತಾಯಿಯ ಕೈಯೂ ಅದನ್ನು ಹಿಡಿದಿಡಲಾರದು. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮಗುವಿಗೆ ಅದೂ ಪೆಟ್ಟು.

ಮಕ್ಕಳು ಹಿಂದಿನ ಸೀಟಿನಲ್ಲೇ ಇರಲಿ. ಚಿಕ್ಕವರಿಗೆ ಚೈಲ್ಡ್ ಸೀಟ್ ಬೇಕು, ಕೂಸುಗಳಿಗೆ ಹಿಂಬದಿಗೆ ಮುಖ ಮಾಡುವ ಸೀಟ್. ಕೊಳ್ಳುವುದು ಭಾರವೆನಿಸಿದರೆ ಮಕ್ಕಳು ಬೆಳೆದ ಬಂಧುಗಳ ಮನೆಯಲ್ಲಿ ಕೇಳಿ ತನ್ನಿ. ಅದು ಅಪಘಾತದಲ್ಲಿ ಸಿಕ್ಕ ಸೀಟ್ ಆಗಿರಬಾರದು, ಬೆಲ್ಟ್ ಹರಿದಿರಬಾರದು. ಕಾನೂನಿನಲ್ಲೂ ಇದಿದೆ: 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ.

ಬೈಕಿನಲ್ಲಿ ಲೇಪಾಕ್ಷಿಗೆ ಹೋಗುವ ಕುಟುಂಬಗಳೂ ನಮ್ಮಲ್ಲಿ ಕಡಿಮೆಯಲ್ಲ. 4 ವರ್ಷದೊಳಗಿನ ಮಗುವಿದ್ದರೆ ಸವಾರನಿಗೆ ಮಗುವನ್ನು ಸೇರಿಸಿ ಕಟ್ಟುವ ಹಾರ್ನೆಸ್, 9 ತಿಂಗಳು ದಾಟಿದ ಮಗುವಿಗೆ ಅಳತೆಯ ಹೆಲ್ಮೆಟ್, ವೇಗ 40 ಕಿ.ಮೀ. ಮೀರದಂತೆ ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹಿಂದೂಪುರದಿಂದ ಲೇಪಾಕ್ಷಿಗೆ 15 ಕಿ.ಮೀ. ಮಾತ್ರ, ಹೀಗೆ ಹೋಗಬಹುದು. ಹಂಪಿಯವರೆಗೆ ಬೈಕು ಬೇಡ. ಬಾಡಿಗೆ ಗಾಡಿಯಾದರೆ ಹಿಂದಿನ ಸೀಟಿಗೂ ಬೆಲ್ಟ್ ಇದೆಯೇ, ಎರಡೂ ರಾಜ್ಯಕ್ಕೆ ಪರ್ಮಿಟ್ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ನೀರು, ಬಿಸಿಲು, ತಿಂಡಿ

ನಮ್ಮ ಸೀಮೆಯ ನೀರಿನ ಕಥೆ ನಮಗೆ ಗೊತ್ತು. ಪಾವಗಡ, ಅನಂತಪುರ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ದಾರಿಯ ಬೋರಿನ ನೀರು ಬೇಡ, ಮನೆಯಿಂದ ಶುದ್ಧೀಕರಿಸಿದ ನೀರಿನ ಕ್ಯಾನ್ ಒಯ್ಯಿರಿ. ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಬಿಸಿಲಿದ್ದರೂ ನೀರು ಬೇಡ, ತಾಯಿಯ ಹಾಲನ್ನೇ ಹೆಚ್ಚು ಸಲ ಕೊಡಿ. ಹಾಲು ಕುಡಿಸುವಾಗ ಗಾಡಿ ನಿಂತಿರಲಿ.

ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ ಬೆಳಿಗ್ಗೆ 11ರೊಳಗೆ, ಸಂಜೆ 4ರ ಮೇಲೆ ಮಾತ್ರ ಸುತ್ತಾಡಿ. ದೇವಸ್ಥಾನದ ಕಲ್ಲು ಹಾಸು ಕಾದಿರುತ್ತದೆ, ಮಕ್ಕಳಿಗೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ‘ಎರಡೇ ನಿಮಿಷ’ ಎಂದು ಮಲಗಿದ ಮಗುವನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಇಳಿಯಲೇಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲೇ ಶಾಖ ಹತ್ತು ಡಿಗ್ರಿಯಷ್ಟು ಏರುತ್ತದೆ.

ತಿಂಡಿಗೆ ಮಂಡಕ್ಕಿ, ಇಡ್ಲಿ, ಬಾಳೆಹಣ್ಣು, ಚಪಾತಿ ಒಳ್ಳೆಯದು. ಬೆಳಿಗ್ಗೆ ಕಲಸಿದ ಮೊಸರನ್ನ, ಚಿತ್ರಾನ್ನ ಮಧ್ಯಾಹ್ನಕ್ಕೆ ಮುಗಿಯಲಿ. ನಾವು ಕಡಲೆಕಾಯಿ ಸೀಮೆಯವರು, ಕೈಗೆ ಮೊದಲು ಸಿಗುವುದೇ ಅದು. ಆದರೆ ನಾಲ್ಕು ವರ್ಷದೊಳಗಿನವರಿಗೆ ಇಡೀ ಬೀಜ ಕೊಡಬೇಡಿ. ಓಡುವ ಗಾಡಿಯ ಕುಲುಕಾಟದಲ್ಲಿ ಅದು ಉಸಿರಿನ ನಾಳಕ್ಕೆ ಸಿಕ್ಕಿಕೊಳ್ಳಬಹುದು.

ವಾಂತಿ ಯಾಕೆ ಬರುತ್ತದೆ?

ಕಿವಿಯೊಳಗಿನ ಸಮತೋಲದ ಅಂಗ ‘ನಾವು ಚಲಿಸುತ್ತಿದ್ದೇವೆ’ ಎನ್ನುತ್ತದೆ. ಮೊಬೈಲನ್ನೋ ಪುಸ್ತಕವನ್ನೋ ನೋಡುತ್ತಿರುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಈ ಎರಡು ಸುದ್ದಿ ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗೆ ಇದು ಅಪರೂಪ, ಎರಡರಿಂದ ಹನ್ನೆರಡು ವರ್ಷದವರಿಗೆ ಹೆಚ್ಚು. ಮಗು ಕಿಟಕಿಯಾಚೆ ದೂರದ ಬೆಟ್ಟವನ್ನು ನೋಡಲಿ. ಸ್ವಲ್ಪ ಗಾಳಿ ಬರಲಿ, ಹೊಟ್ಟೆ ತೀರಾ ಖಾಲಿಯೂ ಬೇಡ, ತುಂಬಿಯೂ ಬೇಡ. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಕೊಡುವ ಪ್ರೊಮೆಥಜೀನ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೂಡದು.

ಅಂದರೆ ಮೊಬೈಲ್ ಕೊಡದಿದ್ದರೆ ಹೊಟ್ಟೆಗೂ ಒಳ್ಳೆಯದು, ಭಾಷೆಗೂ ಒಳ್ಳೆಯದು. ಆದರೆ ಮೊಬೈಲಿನ ಜಾಗಕ್ಕೆ ಏನಾದರೂ ಕೊಡಬೇಕಲ್ಲ? ನಮ್ಮ ಸಲಹೆ ಎರಡು.

ಒಂದು, ಕಥೆ. ಜಟಾಯು ಬಿದ್ದ ಜಾಗ ಲೇಪಾಕ್ಷಿ, ರಾಮ ‘ಲೇ ಪಕ್ಷಿ’ ಎಂದದ್ದರಿಂದ ಈ ಹೆಸರು ಎಂಬುದು ಐತಿಹ್ಯ. ತೆಲುಗಿನ ‘ಲೇ’ ಎಂದರೆ ‘ಏಳು’ ಎಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಹಂಪಿಯ ಸುತ್ತ, ಆನೆಗೊಂದಿಯ ಕಡೆ ಕಿಷ್ಕಿಂಧೆ ಇತ್ತು ಎಂಬುದು ಇನ್ನೊಂದು ಐತಿಹ್ಯ. ರಾಮಾಯಣದಲ್ಲೂ ಜಟಾಯುವಿನ ನಂತರವೇ ಹನುಮ, ಸುಗ್ರೀವರು ಬರುವುದು. ಹಾಗಾಗಿ ನಮ್ಮ ದಾರಿ ಕಥೆಯ ಕ್ರಮದಲ್ಲೇ ಸಾಗುತ್ತದೆ. ಊರಿಂದ ಊರಿಗೆ ಒಂದೊಂದು ತುಂಡು ಹೇಳಿ, ‘ಮುಂದಿನದು ಪಾವಗಡ ದಾಟಿದ ಮೇಲೆ’ ಎಂದು ನಿಲ್ಲಿಸಿ.

ಎರಡು, ಅಕ್ಷರದ ಆಟ. ಕನ್ನಡ, ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ತೆಲುಗಿನ ತಲೆಕಟ್ಟು ಮೇಷ್ಟ್ರು ಹಾಕುವ ‘ರೈಟ್’ ಗುರುತಿನಂತಿದೆ, ಕನ್ನಡದ್ದು ಅಡ್ಡಗೆರೆ ಎಳೆದು ತುದಿ ಬಾಗಿಸಿದಂತೆ. ಇಷ್ಟು ತೋರಿಸಿ ‘ಗಡಿ ಯಾವಾಗ ದಾಟಿತು, ಬೋರ್ಡು ನೋಡಿ ಹೇಳು’ ಎನ್ನಿ. ತೆಲುಗು ಓದಬಲ್ಲ ಮಗು ಬಳ್ಳಾರಿ ತಲುಪುವಷ್ಟರಲ್ಲಿ ಹತ್ತಾರು ಕನ್ನಡ ಬೋರ್ಡುಗಳನ್ನು ಕೂಡಿಸಿ ಓದುತ್ತದೆ.

ಮೊದಲ ದಿನ: ಲೇಪಾಕ್ಷಿ, ಪಾವಗಡ, ಕಲ್ಯಾಣದುರ್ಗ

ಬೆಳಿಗ್ಗೆ ಬೇಗ ಲೇಪಾಕ್ಷಿಯಲ್ಲಿರಿ. ಮೊದಲು ಬಸವಣ್ಣ: ಒಂದೇ ಬಂಡೆಯಲ್ಲಿ ಕಡೆದದ್ದು, ಸುಮಾರು 15 ಅಡಿ ಎತ್ತರ, 27 ಅಡಿ ಉದ್ದ. ಮಕ್ಕಳು ಹೆಜ್ಜೆ ಹಾಕಿ ಅಳೆಯಲಿ. ನಂತರ ವೀರಭದ್ರ ದೇವಸ್ಥಾನ. 16ನೆಯ ಶತಮಾನದಲ್ಲಿ, ಅಚ್ಯುತದೇವರಾಯನ ಕಾಲದಲ್ಲಿ, ಪೆನುಕೊಂಡದ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು. ನೆಲಕ್ಕೆ ಪೂರ್ತಿ ತಾಗದ ಕಂಬದ ಕೆಳಗೆ ಟವೆಲ್ ತೂರಿಸುವುದು ಮಕ್ಕಳಿಗೆ ಬಲು ಇಷ್ಟ. ಏಳು ಹೆಡೆಯ ನಾಗಲಿಂಗ, ಅರ್ಧಕ್ಕೆ ನಿಂತ ಕಲ್ಯಾಣ ಮಂಟಪ, ಸೀರೆಯ ಅಂಚಿನಂಥ ಚಿತ್ತಾರದ ಕಂಬಗಳು ಸಾಕು. ಚಾವಣಿಯ ವರ್ಣಚಿತ್ರಗಳನ್ನು ಮಗುವನ್ನು ಹೆಗಲ ಮೇಲೆ ಕೂರಿಸಿ ತೋರಿಸಿ. ವಿರೂಪಣ್ಣ ಕಣ್ಣು ಕಳೆದುಕೊಂಡ ಕಥೆ ದೊಡ್ಡ ಮಕ್ಕಳಿಗಿರಲಿ.

ಇಲ್ಲಿ ಕನ್ನಡ ಶಾಸನಗಳಿವೆ. ಅವುಗಳ ಮುಂದೆ ಎರಡು ನಿಮಿಷ ನಿಲ್ಲಿ. ಕನ್ನಡ ಎಲ್ಲೋ ದೂರದ ಭಾಷೆಯಲ್ಲ, ಇದೇ ಊರಿನ ಕಲ್ಲಿನಲ್ಲಿ ಇದೆ ಎಂದು ಮಗು ತನ್ನ ಕಣ್ಣಿಂದ ನೋಡಲಿ.

ಒಂದೂವರೆ ಗಂಟೆ ಸಾಕು, ಮಗು ದಣಿಯುವ ಮೊದಲೇ ಹೊರಡಿ. ಪಾವಗಡದಲ್ಲಿ ಊಟ. ಆ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಮಕ್ಕಳು ಲವಲವಿಕೆಯಿಂದಿದ್ದರೆ ಸ್ವಲ್ಪ ಬಳಸಿ ಹೋಗಿ ತೋರಿಸಿ. ಕತ್ತಲಾಗುವ ಮೊದಲು ಕಲ್ಯಾಣದುರ್ಗ ಸೇರಿ.

ಎರಡನೆಯ ದಿನ: ಹೊಸಪೇಟೆವರೆಗೆ

ಸುಮಾರು 155 ಕಿ.ಮೀ. ಒಂದೂವರೆ ಗಂಟೆಗೊಮ್ಮೆ ಹದಿನೈದು ನಿಮಿಷ ನಿಲ್ಲಿಸಿ. ಕೂಸಾದರೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಸೀಟಿನಲ್ಲಿರಬಾರದು. ನಿಲ್ಲಿಸುವಾಗ ರಸ್ತೆಯ ಅಂಚು ಬೇಡ. ಪೆಟ್ರೋಲ್ ಬಂಕೋ ದೇವಸ್ಥಾನದ ಅಂಗಳವೋ ನೋಡಿ, ಮಕ್ಕಳನ್ನು ರಸ್ತೆಯಿಲ್ಲದ ಬದಿಯಿಂದ ಇಳಿಸಿ. ರಾಯದುರ್ಗದಲ್ಲಿ ತಿಂಡಿ, ಬಳ್ಳಾರಿಯಲ್ಲಿ ಊಟ. ಊಟದ ನಂತರದ ಮಕ್ಕಳ ನಿದ್ದೆಯಲ್ಲಿ ಹೊಸಪೇಟೆ ಬರುತ್ತದೆ. ಹೊತ್ತಿದ್ದರೆ 1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮಕ್ಕೆ ಮಧ್ಯಾಹ್ನದ ಮೇಲೆ ಹೋಗಿ.

ಮೂರನೆಯ ದಿನ: ಹಂಪಿ

ಎಲ್ಲವನ್ನೂ ನೋಡುವ ಆಸೆ ಬಿಡಿ. ಬೆಳಿಗ್ಗೆ ವಿರೂಪಾಕ್ಷ ದೇವಸ್ಥಾನ ಮತ್ತು ಹೇಮಕೂಟ, ಮಧ್ಯಾಹ್ನ ಕೋಣೆಯಲ್ಲಿ ನಿದ್ದೆ, ಸಂಜೆ ವಿಜಯವಿಠ್ಠಲ ದೇವಸ್ಥಾನ. ಅಲ್ಲಿಗೆ ಬ್ಯಾಟರಿ ಗಾಡಿ ಇದೆ. ಕಲ್ಲಿನ ರಥದ ಮುಂದೆ 50 ರೂಪಾಯಿ ನೋಟು ತೆಗೆದು ಮಗುವಿನ ಕೈಗೆ ಕೊಡಿ, ಎರಡೂ ಒಂದೇ ಎಂದು ಅದೇ ಕಂಡುಹಿಡಿಯಲಿ. ಹನ್ನೊಂದು ಕೋಣೆಗಳ ಗಜಶಾಲೆಯೂ ಮಕ್ಕಳಿಗೆ ಹಿಡಿಸುತ್ತದೆ. ಅಂಜನಾದ್ರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಪುಟ್ಟವರಿಗೆ ಕೆಳಗಿನಿಂದಲೇ ಕೈಮುಗಿಸಿದರೆ ಸಾಕು.

ನಾಲ್ಕನೆಯ ದಿನ: ವಾಪಸು

ಬಳ್ಳಾರಿ, ಉರವಕೊಂಡ, ಅನಂತಪುರ ಮೂಲಕ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಪೆನುಕೊಂಡ, ಅಲ್ಲಿಂದ ಹಿಂದೂಪುರ. 1565ರ ಯುದ್ಧದ ನಂತರ ವಿಜಯನಗರದ ಅರಸರು ಹಂಪಿ ಬಿಟ್ಟು ರಾಜಧಾನಿ ಮಾಡಿಕೊಂಡದ್ದು ಪೆನುಕೊಂಡವನ್ನೇ. ಹೋಗುವಾಗ ರಾಮಾಯಣ ಹೇಳಿದಿರಿ, ಬರುವಾಗ ಈ ಕಥೆ ಹೇಳಿ. ಕಲ್ಯಾಣದುರ್ಗದವರು ಹೋದ ದಾರಿಯಲ್ಲೇ ಮರಳಬಹುದು. ರಾತ್ರಿ ಗಾಡಿ ಓಡಿಸಿ ‘ಬೇಗ ಮನೆ ಸೇರೋಣ’ ಎನ್ನುವುದು ಬೇಡ. ನಿದ್ದೆಗೆಟ್ಟ ಚಾಲಕ ಮಕ್ಕಳಿಗೆ ಅತಿ ದೊಡ್ಡ ಅಪಾಯ.

ಕೈಚೀಲದಲ್ಲಿ ಇರಲಿ

ಓಆರ್‌ಎಸ್ ಪೊಟ್ಟಣ (ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು), ಜ್ವರದ ಔಷಧಿ ಮತ್ತು ಅದರ ಅಳತೆ ಬರೆದ ಚೀಟಿ, ಎರಡು ಜೊತೆ ಬಟ್ಟೆ, ಹಳೆಯ ಟವೆಲ್, ಪ್ಲಾಸ್ಟಿಕ್ ಚೀಲ, ಟಾರ್ಚ್. ಪ್ರತಿ ಮಗುವಿನ ಜೇಬಿನಲ್ಲಿ ಅಪ್ಪ ಅಮ್ಮನ ಫೋನ್ ನಂಬರಿನ ಚೀಟಿ.

ಎರಡೂ ರಾಜ್ಯಗಳಲ್ಲಿ ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಯಾವುದೇ ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ಗಡಿಯ ಹತ್ತಿರ ಫೋನ್ ಮಾಡಿದರೆ ಕರೆ ಯಾವ ರಾಜ್ಯಕ್ಕೆ ಹೋದರೂ ಊರು, ತಾಲ್ಲೂಕು, ರಾಜ್ಯ ಮೂರನ್ನೂ ಮೊದಲು ಹೇಳಿ.

ಹೋಗಿ ಬಂದ ಮೇಲೆ ಮಕ್ಕಳ ಕೈಯಿಂದಲೇ ಐದು ಸಾಲು ಕನ್ನಡದಲ್ಲಿ ಬರೆಸಿ ನಮಗೆ ಕಳಿಸಿ. ತಪ್ಪಿದ್ದರೂ ತಿದ್ದಬೇಡಿ, ಹಾಗೆಯೇ ಪ್ರಕಟಿಸುತ್ತೇವೆ. ಬರೆಯಲು ಬಾರದ ಪುಟ್ಟವರು ಬಸವಣ್ಣನ ಚಿತ್ರ ಬಿಡಿಸಿ ಕಳಿಸಲಿ.