ಕಾರ್ಗತ್ತಲು ಎಂದರೆ ಎಂಥ ಕತ್ತಲು?

ಕ್ರಿಸ್ತ ಜಯಂತಿಯ ರಾತ್ರಿಯ ಬಲಿಪೂಜೆಯಲ್ಲಿ ಮೊದಲ ವಾಚನವನ್ನು ಪ್ರವಾದಿ ಯೆಶಾಯನ ಗ್ರಂಥದ 9ನೇ ಅಧ್ಯಾಯದಿಂದ ಓದುತ್ತೇವೆ. ಸಾವಿನ ಮನೆಯಲ್ಲಿ 23ನೇ ಕೀರ್ತನೆಯನ್ನು ಹಾಡುತ್ತೇವೆ. ಒಂದು ಹಬ್ಬದ ವಾಚನ, ಇನ್ನೊಂದು ದುಃಖದ ಹೊತ್ತಿನ ಹಾಡು. ಆದರೆ ಮೂಲ ಹಿಬ್ರೂ ಭಾಷೆಯಲ್ಲಿ ಈ ಎರಡರಲ್ಲೂ ಕತ್ತಲನ್ನು ಕುರಿತ ಒಂದೇ ಪದವಿದೆ. ಕೀರ್ತನೆಯ ಆ ಕಣಿವೆಯನ್ನು ನಮ್ಮ ಕನ್ನಡ ಬೈಬಲ್ 'ಕಾರ್ಗತ್ತಲ' ಕಣಿವೆ ಎಂದು ಕರೆದಿದೆ. ಈ ಪದದ ಅರ್ಥವೇನು?

ಕನ್ನಡದಲ್ಲಿ ಕತ್ತಲಿಗೆ ಹಲವು ಹೆಸರುಗಳಿವೆ. ಸೂರ್ಯ ಮುಳುಗಿದಾಗ ಮಬ್ಬುಗತ್ತಲು. ಬೆಳಗಿನ ಜಾವ ನಸುಗತ್ತಲು. ಕರೆಂಟು ಹೋದರೆ ಬರೀ ಕತ್ತಲು. ಅಮಾವಾಸ್ಯೆಯ ರಾತ್ರಿ ತೋಟದಲ್ಲಿ ಕಾಲಿಟ್ಟ ಜಾಗವೂ ಕಾಣದಿದ್ದಾಗ 'ಗವ್ವೆನ್ನುವ ಕತ್ತಲು' ಎನ್ನುತ್ತೇವೆ. ಅದೇ ಕಗ್ಗತ್ತಲು, ಕಾರ್ಗತ್ತಲು. 'ಕಾರ್' ಎಂದರೆ ಕಪ್ಪು. ಮಳೆ+ಕಾಲ ಸೇರಿ ಮಳೆಗಾಲವಾದಂತೆ, ಕಾರ್+ಕತ್ತಲು ಸೇರಿ ಕಾರ್ಗತ್ತಲು ಆಯಿತು. ಮಳೆ ತರುವ ಕಾರ್ಮೋಡದಲ್ಲೂ ಇರುವುದು ಇದೇ 'ಕಾರ್'.

ಹಿಬ್ರೂ ಪದ 'ಸಲ್ಮಾವೆತ್'. 'ಸೇಲ್' ಎಂದರೆ ನೆರಳು, 'ಮಾವೆತ್' ಎಂದರೆ ಸಾವು. ಹಾಗಾಗಿ ಪ್ರಾಚೀನ ಗ್ರೀಕ್ ಅನುವಾದಕರು ಇದನ್ನು 'ಮರಣದ ನೆರಳು' ಎಂದರು. ಇದು ಕಪ್ಪು ಎಂಬರ್ಥದ ಧಾತುವಿನಿಂದ ಬಂದ ಪದ, ಗಾಢಾಂಧಕಾರವೇ ಅದರ ಅರ್ಥ ಎನ್ನುವ ವಿದ್ವಾಂಸರೂ ಇದ್ದಾರೆ. ಕನ್ನಡದ 'ಕಾರ್ಗತ್ತಲು' ಈ ಎರಡನೆಯ ಅರ್ಥವನ್ನು ಹಿಡಿದಿದೆ.

ಹಳೆಯ ಒಡಂಬಡಿಕೆಯಲ್ಲಿ 18 ಸಲ ಬರುವ ಈ ಪದ ಹೆಚ್ಚಾಗಿ ಸಿಗುವುದು ಯೋಬನ ಗ್ರಂಥದಲ್ಲಿ. ಅದರ 28ನೇ ಅಧ್ಯಾಯದಲ್ಲಿ ಗಣಿಯೊಳಗೆ ಅದಿರು ಹುಡುಕುವವರ ಚಿತ್ರವಿದೆ. ಅಲ್ಲಿನ ಕತ್ತಲಿಗೂ ಇದೇ ಹೆಸರು. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಮೊದಲು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ದುಡಿದವರಿಗೆ ಕಾರ್ಗತ್ತಲಿನ ಅರ್ಥವನ್ನು ಬೇರೆಯವರು ಹೇಳಬೇಕಾಗಿಲ್ಲ.

ಪ್ರಿಯರೇ, ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕತ್ತಲು ಎಂದ ಕೂಡಲೇ ನಾವು ಪಾಪ ಎಂದುಕೊಳ್ಳುತ್ತೇವೆ. ಹಾಗೆ ಹೇಳುವ ವಾಕ್ಯಗಳು ಪವಿತ್ರ ಗ್ರಂಥದಲ್ಲಿ ಇವೆ, ನಿಜ. ಆದರೆ 23ನೇ ಕೀರ್ತನೆಯ ಕಾರ್ಗತ್ತಲು ಪಾಪಿಗೆ ಬಂದ ಶಿಕ್ಷೆಯಲ್ಲ. ಕುರುಬನು ತೋರಿಸಿದ ಸರಿಯಾದ ದಾರಿಯಲ್ಲೇ ನಡೆಯುತ್ತಿದ್ದವನಿಗೆ ಆ ಕಣಿವೆ ಎದುರಾಗುತ್ತದೆ. ಯೆಶಾಯನ ಕಾಲದಲ್ಲಿ ಅಸ್ಸೀರಿಯದ ಸೈನ್ಯ ಗಲಿಲೇಯ ನಾಡನ್ನು ಕೊಳ್ಳೆಹೊಡೆದು ಜನರನ್ನು ಸೆರೆ ಒಯ್ದಿತು. ಮನೆಮಠ ಕಳೆದುಕೊಂಡ ಆ ನಾಡಿಗೇ ಬೆಳಕಿನ ವಾಗ್ದಾನ ಸಿಕ್ಕಿತು. ಪ್ರಭು ಯೇಸು ತಮ್ಮ ಸೇವೆಯನ್ನು ಆರಂಭಿಸಿದ್ದೂ ಅದೇ ಗಲಿಲೇಯದಲ್ಲಿ ಎಂದು ಸಂತ ಮತ್ತಾಯ 4ನೇ ಅಧ್ಯಾಯದಲ್ಲಿ ನೆನಪಿಸುತ್ತಾರೆ.

ಕೀರ್ತನೆಯಲ್ಲಿ ಇನ್ನೊಂದು ವಿಶೇಷವಿದೆ. ಹಸಿರು ಹುಲ್ಲು, ತಿಳಿನೀರಿನ ಬಳಿ ಇರುವಾಗ ಕೀರ್ತನೆಗಾರನು ದೇವರನ್ನು 'ಆತನು' ಎನ್ನುತ್ತಾನೆ. ಕಾರ್ಗತ್ತಲ ಕಣಿವೆಗೆ ಇಳಿದ ಕೂಡಲೇ 'ನೀನು' ಎನ್ನುತ್ತಾನೆ. ಬೆಳಕಿನಲ್ಲಿ ದೇವರ ಬಗ್ಗೆ ಮಾತನಾಡುತ್ತಿದ್ದವನು ಕತ್ತಲಲ್ಲಿ ದೇವರೊಡನೆಯೇ ಮಾತಿಗಿಳಿಯುತ್ತಾನೆ. ಕತ್ತಲು ಇನ್ನೂ ಹೋಗಿಲ್ಲ. ಆದರೆ ಅವನು ಒಂಟಿಯಲ್ಲ.

ಆದ್ದರಿಂದ ಈ ಪದವನ್ನು ಹಗುರವಾಗಿ ಬಳಸಬಾರದು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಅದು ಕಾರ್ಗತ್ತಲಲ್ಲ. ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಯ ಮನೆಯಲ್ಲಿ ಇರುವುದು ಕಾರ್ಗತ್ತಲು. ಅಲ್ಲಿಗೆ ಹೋಗಿ "ಅಳಬೇಡಮ್ಮ, ನಿಮಗೆ ವಿಶ್ವಾಸ ಸಾಲದು" ಎನ್ನುವವರು ಕತ್ತಲಿನ ಮೇಲೆ ಇನ್ನಷ್ಟು ಕತ್ತಲು ಸುರಿಯುತ್ತಾರೆ. ಆ ತಾಯಿಗೆ ಬೇಕಾದದ್ದು ಉಪದೇಶವಲ್ಲ, ಪಕ್ಕದಲ್ಲಿ ಕೂರುವ ಒಬ್ಬರು. ದೇವರು ಮನುಷ್ಯರಾಗಿ ಬಂದು ಮಾಡಿದ್ದೂ ಅದನ್ನೇ. ಇಮ್ಮಾನುವೇಲ್ ಎಂಬ ಹೆಸರಿಗೆ ಅರ್ಥವೇ 'ದೇವರು ನಮ್ಮೊಡನೆ'.

ಈ ಸಲ ಗೋದಲಿ ಕಟ್ಟುವಾಗ, ದೀಪದ ಸರ ತೂಗುಹಾಕುವಾಗ, ನಮ್ಮ ಬೀದಿಯಲ್ಲಿ ನಕ್ಷತ್ರ ಕಟ್ಟದ ಮನೆ ಯಾವುದೆಂದು ಒಮ್ಮೆ ನೋಡೋಣ. ಆ ವರ್ಷ ಅಲ್ಲಿ ಯಾರೋ ತೀರಿಕೊಂಡಿರಬಹುದು. ಹಬ್ಬದ ತಿಂಡಿಯ ಜೊತೆ ಸ್ವಲ್ಪ ಹೊತ್ತನ್ನೂ ಕೊಂಡೊಯ್ಯೋಣ. ರಾತ್ರಿಯ ಬಲಿಪೂಜೆಗೆ ಅವರನ್ನು ಕರೆಯೋಣ. ಬರಲಾರೆವು ಎಂದರೆ ಮರುದಿನ ಮತ್ತೆ ಹೋಗೋಣ. ಯೆಶಾಯನ ಆ ವಾಚನ ಮೊದಲು ಕೇಳಿಸಬೇಕಾದದ್ದು ಅವರಿಗೇ.